ಕುಡಿಯದವನ ಬಾಯಿಗೆ

ಗಂಡನ ಹೆಣದ ಬಾಯಿಗೆ ಬ್ರಾಂದಿ ಬಿಡಲು ಬಗ್ಗಿದ ಭಾವನ ಕೈಯಿಂದ ಸುಚಿತ್ರಾ ಬಾಟಲಿ ಕಿತ್ತು ಕಲ್ಲಿಗೆ ಬಡಿದಳು.

“ಕುಡಿಯೋನಿಗೆ ಕಡೀ ಗುಟುಕು ಹಾಕೋದು ಪದ್ಧತಿ ಐತೆ,” ಎಂದ ಭಾವ ಶರಣು.

“ಅವರು ಕುಡೀತಿದ್ದಿಲ್ಲ. ಎಷ್ಟು ಸಲ ಹೇಳ್ಬೇಕು ನಿಮಗೆ?”

ಅವಳ ಮಾತನ್ನು ಯಾರೂ ನಂಬಿರಲಿಲ್ಲ. ಸೂಳೆಕೆರೆಯ ಮೀನನ್ನು ಬೈಕಿಗೆ ಕಟ್ಟಿಕೊಂಡು ಸುತ್ತಲ ಊರುಗಳಲ್ಲಿ ಮಾರುತ್ತಿದ್ದ ಅವಳ ಗಂಡ ಗೋಣೆಪ್ಪನ ಹೊಟ್ಟೆ ಗಡಿಗೆಯಂತೆ ಊದಿದ್ದೇ ತಡ, ಕದ್ದು ಕುಡಿಯುತ್ತಾನೆಂದು ಊರು ತೀರ್ಮಾನಿಸಿತ್ತು. ಅವನ ಅಪ್ಪ ಕುಡಿದು ಕುಡಿದು ಹಾಗೇ ಊದಿ ಸತ್ತಿದ್ದ.

*

ದಾವಣಗೆರೆಯ ಡಾಕ್ಟರು ಬಿಡಿಸಿ ಹೇಳಿದ್ದರು. ಲಿವರಿನಿಂದ ಹೊರಡುವ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿ ಹೊಟ್ಟೆಯಲ್ಲಿ ನೀರು ತುಂಬಿತ್ತು. ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನೆಲ್ಲ ಪರೀಕ್ಷಿಸಿದರೂ ಕಾರಣ ಸಿಕ್ಕಿರಲಿಲ್ಲ. ರಕ್ತ ತೆಳುವಾಗುವ ಮಾತ್ರೆ ಕೊಟ್ಟು, ಪೆಟ್ಟು ಬೀಳದಂತೆ ನೋಡಿಕೊಳ್ಳಿ, ಒಳಗೆ ರಕ್ತ ಒಸರಿದರೆ ನಿಲ್ಲುವುದು ಕಷ್ಟ ಎಂದಿದ್ದರು.

ಡಾಕ್ಟರಿಗೇ ಕಾರಣ ಗೊತ್ತಿಲ್ಲವೆಂದರೆ ಕುಡಿತವೇ ಕಾರಣ ಎಂದ ಶರಣು. ತಾಯಿ ಹುಲಿಗೆಮ್ಮ ಜಗಳೂರಿನ ಮಗಳ ಮನೆಗೆ ಹೋಗಿದ್ದ ದಿನ ತಮ್ಮನನ್ನು ಕಂಬಕ್ಕೆ ಒತ್ತಿ ಹಿಡಿದು, ಬಾಟಲಿ ಎಲ್ಲಿಟ್ಟಿದ್ದೀಯ ಎಂದು ಕೇಳಿ ಕೇಳಿ ಹೊಡೆದ. ಬಿಡಿಸಲು ಹೋದ ಸುಚಿತ್ರಾಳ ತುಟಿ ಒಡೆಯಿತು. ಗೋಣೆಪ್ಪ ತಿರುಗಿ ಕೈಯೆತ್ತಲಿಲ್ಲ.

“ಅಪ್ಪನಾಣೆ ಕುಡಿದಿಲ್ಲಣ್ಣ.”

ಅಪ್ಪನ ಹೆಸರು ಕೇಳಿದ್ದೇ ಶರಣು ಅವನ ಹೊಟ್ಟೆಗೆ ಒದ್ದ.

ಸಂಜೆಗೆ ಗೋಣೆಪ್ಪ ಬೆವತು ಬಿಳಿಚಿಕೊಂಡ. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಯಿತು. ಹೊಟ್ಟೆ ಊದಿದವನು ಸತ್ತದ್ದು ಯಾರಿಗೂ ಸೋಜಿಗವೆನಿಸಲಿಲ್ಲ. ಸುಚಿತ್ರಾಳೂ ಬಾಯಿಬಿಡಲಿಲ್ಲ; ಮುಂದೆಯೂ ಅದೇ ಭಾವನ ಮನೆಯಲ್ಲಿ ಬಾಳಬೇಕಿತ್ತು.

*

ಈಗ ಅವಳು ಹೆಣದ ಮೇಲಿನ ಬಟ್ಟೆ ಸರಿಸಿದಳು. ಹೊಟ್ಟೆಯ ಪಕ್ಕ ಪೂರಾ ಕಪ್ಪುಗಟ್ಟಿತ್ತು.

“ಭಾವ ಒದ್ದರು ಅತ್ತೆ. ಒಳಗೇ ರಕ್ತ ಸೋರಿ ಸತ್ರು.”

ಶರಣು ಇಲ್ಲವೆನ್ನಲಿಲ್ಲ. ಸಾವಿನ ಸುದ್ದಿ ಕೇಳಿ ಜಗಳೂರಿನಿಂದ ಬಂದಿದ್ದ ಹುಲಿಗೆಮ್ಮ ನೀರಿನ ಚೆಂಬೆತ್ತಿ ಅವನ ಮುಖಕ್ಕೆ ಬಡಿದಳು, ಮತ್ತೆ ಬಡಿದಳು. ಹುಬ್ಬು ಒಡೆದು ರಕ್ತ ಅಂಗಿಗೆ ಇಳಿಯಿತು. ಪಕ್ಕದ ಮನೆಯ ರಂಗನಾಥ್ ಅಡ್ಡ ಬಂದು, ಬೇಗ ಮಣ್ಣು ಮಾಡೋಣ ಎಂದ. ಇರುವ ಒಬ್ಬ ಮಗನೂ ಜೈಲು ಸೇರಿದರೆ ನಿನ್ನನ್ನು ನೋಡುವವರು ಯಾರು ಎಂದು ಮುದುಕಿಯನ್ನು ಕೇಳಿದ.

“ಮಣ್ಣು ಮಾಡಾಕೆ ಬಿಡಲ್ಲ,” ಎಂದಳು ಹುಲಿಗೆಮ್ಮ. “ಸುಚಿತ್ರಾ, ಪೊಲೀಸರಿಗೆ ಫೋನ್ ಮಾಡವ್ವ.”

ಜೀಪು ಬರುವವರೆಗೂ ಮುದುಕಿ ಹೆಣದ ಪಕ್ಕ ಕೂತಿದ್ದಳು. ಒಂದು ಕೈ ಆ ಊದಿದ ಹೊಟ್ಟೆಯ ಮೇಲಿತ್ತು. ಇನ್ನೊಂದು, ಕೊಸರದೆ ಕೂತಿದ್ದ ದೊಡ್ಡ ಮಗನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿತ್ತು.