ರಂಗನಾಯಕಿ ಮಾಡಿ ನೋಡದೆ ಬರೆದ ಹೆಜ್ಜೆ

ಬೆಳಿಗ್ಗೆ ಒಂಬತ್ತೂಕಾಲಿಗೆ ಬೀಗರ ಫೋನು ಬಂದಾಗ ರಂಗನಾಯಕಿ ಶಂಕರಪುರದ ಮನೆಯಲ್ಲಿ ಎರಡನೇ ಲೋಟ ಕಾಫಿ ಬೆರೆಸುತ್ತಿದ್ದಳು.

"ಏನ್ರೀ ಇದು? ಮದುವೆ ಬೇಡ ಅಂತಿದ್ರೆ ಬಾಯಲ್ಲಿ ಹೇಳ್ಬಹುದಿತ್ತಲ್ವಾ? ಛತ್ರದವರ ಮೆಸೇಜಲ್ಲಿ ತಿಳಿಸೋದಾ?" ಬೀಗ ರಾಮಾನುಜ ಅವರ ದನಿ ಏರಿತ್ತು. ಮೂವತ್ತು ವರ್ಷ ಮೇಷ್ಟ್ರಾಗಿದ್ದ ಮನುಷ್ಯ, ಇವಳ ಎದುರು ಒಂದು ದಿನವೂ ದನಿ ಏರಿಸಿದವರಲ್ಲ.

"ಬೇಡ ಅಂತ ಯಾರಂದ್ರು?"

ಅವರು ಓದಿಯೇ ಹೇಳಿದರು. "ಹುಡುಗಿ ಕಡೆಯವರು ಬುಕಿಂಗ್ ರದ್ದು ಮಾಡಿದ್ದಾರೆ. ಕಾರಣ: ಸಂಬಂಧ ಮುರಿದಿದೆ."

ರಾಮಾನುಜರ ಮಗ ಕಶ್ಯಪ್ ಜೊತೆ ಮಗಳು ಇಂಚರಾಳ ಮದುವೆಗೆ ಉಳಿದಿದ್ದು ಹತ್ತೊಂಬತ್ತೇ ದಿನ. ಅಪ್ಪ ಇಲ್ಲದ ಹುಡುಗಿ ಅಂತ ತಾನೊಬ್ಬಳೇ ಓಡಾಡಿ ಎಲ್ಲ ಹೊಂದಿಸಿದ್ದಳು. ಕಾರ್ಡು ಹಂಚಿ ಆಗಿತ್ತು.

"ಅಯ್ಯೋ ದೇವರೇ, ನಾನು ಯಾಕೆ ರದ್ದು..." ಎನ್ನುತ್ತ ಲೋಟ ಕೆಳಗಿಟ್ಟಳು. 'ಸಂಬಂಧ ಮುರಿದಿದೆ' ಎಂಬ ಆ ಎರಡು ಪದವನ್ನು ನಿನ್ನೆ ಸಂಜೆ ತಾನೇ ಬರೆದದ್ದು ನೆನಪಾಯಿತು.

ಆಗಿದ್ದಿಷ್ಟು. ಬಸವನಗುಡಿಯ ಒಂದು ಸಣ್ಣ ಕಂಪನಿಯಲ್ಲಿ ಇವಳಿಗೆ ಕೆಲಸ. ಪರದೆ ಮೇಲೆ ಯಾವ ಬಟನ್ ಎಲ್ಲಿದೆ, ಯಾವ ಬಾಕ್ಸ್ ಯಾತಕ್ಕೆ ಎಂದು, ಜನರ ಪರವಾಗಿ ತಾವೇ ಕಂಪ್ಯೂಟರ್ ನಡೆಸುವ ಎಐ ಏಜೆಂಟುಗಳಿಗೆ ತೋರಿಸಿಕೊಡುವ ಸಾಫ್ಟ್‌ವೇರ್ ಅವರದು. ಅದು ತೋರಿಸುತ್ತದೆ, ಒತ್ತುವುದು ಏಜೆಂಟು. ಅದನ್ನು ಬಳಸುವುದು ಹೇಗೆಂಬ ಕೈಪಿಡಿ ಬರೆಯುವವಳು ರಂಗನಾಯಕಿ. ತಾನೇ ಮಾಡಿ ನೋಡದ ಹೆಜ್ಜೆಯನ್ನು ಅವಳು ಬರೆಯುವವಳಲ್ಲ, ಅದೊಂದು ವ್ರತ.

ನಿನ್ನೆ ಒಂದು ಉದಾಹರಣೆ ಬೇಕಾಗಿತ್ತು. ಎದುರಿಗೆ ತೆರೆದಿದ್ದದ್ದು ಚಾಮರಾಜಪೇಟೆಯ ಛತ್ರದವರು ವಾಟ್ಸಾಪಿನಲ್ಲಿ ಕಳಿಸಿದ್ದ ಬುಕಿಂಗ್ ಪುಟ. ಪಾಸ್‌ವರ್ಡೂ ಇಲ್ಲ, ಗೀಸ್‌ವರ್ಡೂ ಇಲ್ಲ, ಲಿಂಕು ಸಿಕ್ಕಿದವರು ಯಾರು ಬೇಕಾದರೂ ತೆರೆಯಬಹುದು. 'ರದ್ದು' ಬಟನ್ನಿಗೆ ಹೆಸರೇ ಇಲ್ಲ, ಬರೀ ಒಂದು ಚಿತ್ರ. ಇದಕ್ಕಿಂತ ಒಳ್ಳೆ ಉದಾಹರಣೆ ಎಲ್ಲಿ ಸಿಗಬೇಕು! ಬಟನ್ ಹುಡುಕುವುದು, ಪಟ್ಟಿಯಿಂದ ಕಾರಣ ಆರಿಸುವುದು, ಇವೆರಡನ್ನೂ ಮಾಡಿ ನೋಡಿದಳು. ಒತ್ತುವುದೊಂದನ್ನು ಮಾಡಲಿಲ್ಲ. ಮಗಳ ಮದುವೆಯ ಛತ್ರ, ಒತ್ತಲು ಹುಚ್ಚೇ? ಆ ಹೆಜ್ಜೆಯೊಂದನ್ನು ಮಾಡಿ ನೋಡದೆ ಹಾಗೇ ಬರೆದಳು. ಅಷ್ಟರಲ್ಲಿ ಮ್ಯಾನೇಜರ್ ಗಗನಾ ಬೇಗ ಕೊಡಿ ಎಂದು ತಲೆ ತಿಂದಳು. ಛತ್ರದ ಲಿಂಕು ತೆಗೆದು ಅಭ್ಯಾಸಕ್ಕಿಟ್ಟ ಸುಳ್ಳುಪುಟದ್ದು ಹಾಕುವುದನ್ನು ಮರೆತು, ಕೈಪಿಡಿಯನ್ನು ಲೋಕಕ್ಕೆಲ್ಲ ಬಿಟ್ಟಳು. ಮನುಷ್ಯರು ಕೈಪಿಡಿ ಓದುವುದಿಲ್ಲ. ಏಜೆಂಟುಗಳು ಓದುತ್ತವೆ, ಓದಿದ್ದನ್ನು ಅಕ್ಷರಶಃ ಮಾಡುತ್ತವೆ. ಯಾವುದೋ ಒಂದು ಓದಿ, ಆ ಬಟನ್ ಒತ್ತಿಯೇ ಬಿಟ್ಟಿತ್ತು.

ಇಷ್ಟನ್ನೂ ಅಳುತ್ತಲೇ ಬೀಗರಿಗೆ ಹೇಳಿದಳು.

"ನೀವು ಹೇಳಿದ್ದು ನಂಗೆ ಅರ್ಧವೂ ಅರ್ಥ ಆಗ್ಲಿಲ್ಲ," ಅಂದರು ರಾಮಾನುಜ. "ಆದ್ರೆ ಸುಳ್ಳು ಹೇಳೋರು ಇಷ್ಟು ವಿಚಿತ್ರವಾಗಿ ಹೇಳಲ್ಲ ಬಿಡಿ. ಮೊದ್ಲು ಹೋಗಿ ಛತ್ರ ಉಳಿಸ್ಕೊಳ್ಳಿ."

ಪುಣ್ಯಾತ್ಮ! ಕೈಪಿಡಿಯ ಆ ಪುಟವನ್ನು ಕಿತ್ತುಹಾಕಿ, ಛತ್ರದ ಮ್ಯಾನೇಜರ್ ವೃಷಭೇಂದ್ರಪ್ಪನವರಿಗೆ ಫೋನು ಹಚ್ಚಿದಳು. "ಹನ್ನೊಂದರೊಳಗೆ ಬಂದು ಸೈನ್ ಹಾಕಿ ಅಮ್ಮ. ಇನ್ನೊಬ್ರು ಕಾಯ್ತಿದಾರೆ, ಲೇಟಾದ್ರೆ ಅವ್ರಿಗೆ ಕೊಟ್ಬಿಡ್ತೀನಿ," ಅಂದರು. ಬದುಕಿದೆಯಾ ಬಡಜೀವವೇ ಎಂದು ಬ್ಯಾಗು ಹೆಗಲಿಗೇರಿಸಿ ಗೇಟಿಗೆ ಓಡಿದರೆ, ಆಫೀಸಿಗೆ ಹೋಗಿದ್ದ ಇಂಚರಾ ಆಟೋದಿಂದ ಇಳಿಯುತ್ತಿದ್ದಾಳೆ. ಅತ್ತು ಅತ್ತು ಕಣ್ಣು ಕೆಂಪಾಗಿದೆ.

"ಅಳಬೇಡ ಕಣೇ, ಎಲ್ಲ ಸರಿ ಮಾಡ್ತೀನಿ..."

ಇಂಚರಾ ಬಂದವಳೇ ಅಮ್ಮನನ್ನು ತಬ್ಬಿಕೊಂಡಳು. "ಮೆಸೇಜ್ ನಂಗೂ ಬಂತಮ್ಮ. ಮೆಟ್ರೋದಲ್ಲೇ ಅತ್ಬಿಟ್ಟೆ. ಎಷ್ಟು ಸಮಾಧಾನ ಆಯ್ತು ಗೊತ್ತಾ?"

"ಸಮಾಧಾನವಾ?" ಅಂದಳು ರಂಗನಾಯಕಿ.

"ಕಶ್ಯಪ್ ಒಳ್ಳೆಯವ್ನೇ. ಆದ್ರೆ ನಂಗೆ ಈ ಮದ್ವೆ ಬೇಡ. ಮೂರು ತಿಂಗ್ಳಿಂದ ಹೇಳೋಕೆ ಬಾಯೇ ಬರ್ತಿರ್ಲಿಲ್ಲ. ನೀನು ಅಷ್ಟು ಓಡಾಡ್ತಿದ್ದೆ, ಕಾರ್ಡ್ ಬೇರೆ ಹಂಚ್ಬಿಟ್ಟೆ. ನನ್ನ ಮುಖ ನೋಡೇ ಅರ್ಥ ಮಾಡ್ಕೊಂಡ್ಯಲ್ಲಮ್ಮ!"

ಎಲ್ಲಿ ನೋಡಿದ್ದಳು? ಸೀರೆ ನೋಡಿದ್ದಳು, ಅಡುಗೆಯವರ ಪಟ್ಟಿ ನೋಡಿದ್ದಳು, ಹೆಸರಿಲ್ಲದ ಬಟನ್ನನ್ನೂ ಹುಡುಕಿದ್ದಳು. ಒಂದೇ ಮನೆಯಲ್ಲಿ ಎದುರುಬದುರು ಕೂತು ಉಂಡ ಮಗಳ ಮುಖವನ್ನು ನೋಡಿರಲಿಲ್ಲ.

ಬ್ಯಾಗಿನಲ್ಲಿ ಫೋನು ಬಡಿದುಕೊಂಡಿತು. ವೃಷಭೇಂದ್ರಪ್ಪ. "ಹೊರಟ್ರಾ ಅಮ್ಮ? ಆ ಪಾರ್ಟಿ ಇಲ್ಲೇ ಬಂದು ಕೂತಿದಾರೆ. ನಿಮ್ದು ಕೈತಪ್ಪಿ ರದ್ದಾಗಿದ್ದು ತಾನೆ?"

ಇಂಚರಾ ಅಮ್ಮನ ತೋಳನ್ನು ಇನ್ನೂ ಬಿಟ್ಟಿರಲಿಲ್ಲ.

"ಇಲ್ಲ," ಅಂದಳು ರಂಗನಾಯಕಿ. "ಅವ್ರಿಗೇ ಕೊಡಿ. ರದ್ದು ಮಾಡಿದ್ದು ನಾನೇ."