ಚಾಪೆ ಎತ್ತುವವರು

ಬೆಳಿಗ್ಗೆ ಆರು ನಲವತ್ತು. ಶಾಲೆಯ ಅಂಗಳದಲ್ಲಿ, ಪ್ರಾಂಶುಪಾಲರ ಕಾರಿಗೆಂದು ಹಳದಿ ಗೆರೆ ಎಳೆದ ಜಾಗದಲ್ಲಿ, ಏಳು ಜನ ಡಾಂಬರಿನ ಮೇಲೆ ಕುಳಿತಿದ್ದರು. ಎಲ್ಲರಿಗಿಂತ ಮುಂದೆ ಕುಳಿತವನ ಮೇಲೆ ತಲೆಯಿಂದ ಮಂಡಿಯವರೆಗೆ ಕೇದಗೆ ಎಲೆಯ ನವಿರಾದ ಚಾಪೆ ಹೊದಿಸಲಾಗಿತ್ತು.

ಫೆರೇಟಿ ಕಾರಿನ ದೀಪ ಆರಿಸಿದ. ಇಳಿಯಲಿಲ್ಲ.

ಚಾಪೆಯ ಕೆಳಗಿನ ಮುಖ ಕಾಣುವ ಅಗತ್ಯವಿರಲಿಲ್ಲ. ಹಿಂದೆ ತಲೆ ತಗ್ಗಿಸಿ ಕುಳಿತಿದ್ದವಳು ಲೆಪೇಕಾ. ಪಕ್ಕದಲ್ಲಿ ಶಾಲೆಯ ಸಮವಸ್ತ್ರ ತೊಟ್ಟ ಅವಳ ಮಗಳು ರೂಟಾ. ಅಂದಮೇಲೆ ಚಾಪೆಯೊಳಗಿರುವುದು ರೂಟಾಳ ತಾತ, ಮನೆತನದ ಹಿರಿಯ ಮಸೋಯೆ.

ಸಮೋವಾದವರಲ್ಲಿ ಒಬ್ಬರು ತಪ್ಪು ಮಾಡಿದರೆ ಮನೆತನವೇ ಹೋಗಿ ನೊಂದವರ ಬಾಗಿಲಲ್ಲಿ ಕೂರುತ್ತದೆ, ಬೆಳಕು ಹರಿಯುವ ಮುನ್ನ. ನೊಂದವರು ಹೊರಬಂದು ಚಾಪೆ ಎತ್ತಿದರೆ ಕ್ಷಮೆ ಸಿಕ್ಕಿತು. ಎತ್ತುವವರೆಗೆ ಏಳುವಂತಿಲ್ಲ. ಇದು ಇಫೋಂಗಾ. ಫೆರೇಟಿಯೂ ಸಮೋವಾದವನೇ, ತನ್ನ ಮೂವತ್ತೆಂಟು ವರ್ಷಗಳಲ್ಲಿ ಎರಡು ಸಲ ಇದನ್ನು ನೋಡಿದ್ದ. ವಿಶ್ವವಿದ್ಯಾಲಯಕ್ಕಾಗಿ ಇದರ ಮೇಲೆ ಇಪ್ಪತ್ತೆರಡು ಪುಟ ಬರೆದಿದ್ದ. ಮೂರನೆಯದು ತಾನು ಕೆಲಸ ಮಾಡುವ ಅಂಗಳಕ್ಕೇ ಬರುತ್ತದೆಂದು ಆ ಪುಟಗಳಲ್ಲಿ ಎಲ್ಲೂ ಇರಲಿಲ್ಲ.

ಇಳಿದು ಹೋಗಿ ಲೆಪೇಕಾಳ ಪಕ್ಕ ಬಗ್ಗಿದ.

“ಯಾವಾಗ ಬಂದ್ರಿ ಅಕ್ಕಾ?”

“ಐದಕ್ಕೆ. ನಿನ್ನೆ ರಾತ್ರಿ ಪಾಳಿಗೆ ಹೋಗ್ಲಿಲ್ಲ.”

“ಇವತ್ತು ಹತ್ತು ಗಂಟೆಗೆ ಇಲ್ಲಿ ಪಾಲುದಾರ ಸಂಸ್ಥೆಗಳ ಕಾರ್ಯಕ್ರಮ ಇದೆ.”

“ಗೊತ್ತು. ಇಗರ್ಜಿ ಕಡೆಯಿಂದ ಬರ್ತಿರೋ ಬನ್ನು ನಾನೇ ಮಾಡಿದ್ದು. ನೂರಾ ಇಪ್ಪತ್ತು.” ಲೆಪೇಕಾ ತಲೆ ಎತ್ತಲಿಲ್ಲ. “ನೀನು ಒಳಗೆ ಹೋಗಿ ಹೇಳು ತಮ್ಮಾ. ಅಷ್ಟೇ ನಿನ್ನ ಕೆಲ್ಸ.”

“ಅವರಿಗೆ ಇದು ಅರ್ಥ ಆಗಲ್ಲ.”

“ಅದಕ್ಕೇ ತಾನೆ ನಿನ್ನ ಇಟ್ಕೊಂಡಿರೋದು? ಅಷ್ಟೆಲ್ಲಾ ಓದಿದೀಯ ಅಂತ?”

ರೂಟಾ ನಕ್ಕಳು. “ಅವ್ರು ಹೇಳಲ್ಲಮ್ಮ. ಬಣ್ಣ ಬಳೀತಾರೆ.”

“ಬಾಯಿ ಮುಚ್ಚೇ.”

ಚಾಪೆ ಅಲುಗಲಿಲ್ಲ.

ಬಣ್ಣದ ಮಾತು ನಿಜ. ದಕ್ಷಿಣ ಆಕ್ಲೆಂಡಿನ ಆ ಶಾಲೆಯ ಪಡಸಾಲೆಯಲ್ಲಿ ಒಂದು ಫಲಕವಿತ್ತು. ಇನ್ನೂರ ಹನ್ನೆರಡು ಮಕ್ಕಳ ಹೆಸರು, ಹಾಜರಿಗೆ ತಕ್ಕಂತೆ ಹಸಿರು, ಹಳದಿ, ಕೆಂಪು. ಶಾಲೆ, ಇಗರ್ಜಿ, ಆಸ್ಪತ್ರೆ, ರಗ್ಬಿ ಕ್ಲಬ್ಬು, ಬ್ಯಾಂಕಿನ ದತ್ತಿ ಸಂಸ್ಥೆ, ಹೀಗೆ ಒಂಬತ್ತು ಪಾಲುದಾರರು ಸೇರಿ ಮಕ್ಕಳ ಓದು ಸುಧಾರಿಸಬೇಕಾದರೆ ಎಲ್ಲರ ಕಣ್ಣೆದುರೂ ಒಂದೇ ಅಂಕಿ ಇರಬೇಕು ಎಂದು ಪ್ರಸ್ತಾವ ಬರೆದವನು ಫೆರೇಟಿ. ಒಂಬತ್ತೂ ಸಂಸ್ಥೆಗಳ ಸಂಯೋಜಕನಾಗಿ ಅವನನ್ನು ನೇಮಿಸಿದ್ದು ಆ ಪ್ರಸ್ತಾವ ನೋಡಿಯೇ.

ಕಳೆದ ವಾರ ಫಲಕವನ್ನು ಇಗರ್ಜಿಯ ಸಭಾಂಗಣದಲ್ಲಿ ಪರದೆಯ ಮೇಲೆ ತೋರಿಸಿದರು. ಕೆಂಪಿನಲ್ಲಿ ಮೊದಲ ಹೆಸರು ರೂಟಾಳದು. ಮುಂದಿನ ಸಾಲಿನಲ್ಲಿ ಮಸೋಯೆ ಕುಳಿತಿದ್ದ. ಆತನಿಗೆ ಸಕ್ಕರೆ ಕಾಯಿಲೆ. ಲೆಪೇಕಾ ರಾತ್ರಿ ಪಾಳಿ ಮುಗಿಸಿ ಮನೆ ಮುಟ್ಟುವುದು ಎಂಟೂಮುಕ್ಕಾಲಿಗೆ. ಅಲ್ಲಿಯವರೆಗೆ ತಾತನಿಗೆ ಸೂಜಿ ಚುಚ್ಚಿ, ತಿಂಡಿ ತಿನ್ನಿಸಿ, ಪಕ್ಕದಲ್ಲಿ ಕೂರುವವಳು ರೂಟಾ. ಒಂಬತ್ತು ಪಾಲುದಾರರಲ್ಲಿ ಆಸ್ಪತ್ರೆಯೂ ಒಂದು. ಅದರ ದಾದಿ ವಾರಕ್ಕೆರಡು ಸಲ ಶಾಲೆಗೆ ಬಂದು ಮಕ್ಕಳಿಗೆ ಆರೋಗ್ಯದ ಬಗ್ಗೆ ಚಿತ್ರಗಳನ್ನು ತೋರಿಸುತ್ತಿದ್ದಳು.

ಫಲಕದಲ್ಲಿ ಕಾರಣಕ್ಕೆ ಜಾಗವಿರಲಿಲ್ಲ.

ಮರುದಿನ ಉಪಪ್ರಾಂಶುಪಾಲ ಡಂಕನ್ ಪ್ರೈಸ್, ತಡವಾಗಿ ಬಂದ ರೂಟಾಳನ್ನು ಫಲಕದೆದುರು ನಿಲ್ಲಿಸಿ, ಅವಳ ಹೆಸರನ್ನು ಪೆನ್ನಿನಿಂದ ಮೂರು ಸಲ ಕುಟ್ಟಿ, “ನಿನ್ನೊಬ್ಬಳಿಂದ ಎಲ್ಲರ ಅಂಕಿ ಇಳೀತಿದೆ” ಎಂದ. ಅವಳು ಕೈಯಲ್ಲಿದ್ದ ಲ್ಯಾಪ್‌ಟಾಪಿನಿಂದ ಅವನ ಮುಖಕ್ಕೆ ಹೊಡೆದಳು. ಒಂದು ಹಲ್ಲು ಮುರಿಯಿತು. ಫೆರೇಟಿ ಮೂರು ಹೆಜ್ಜೆ ದೂರದಲ್ಲಿದ್ದ. ಶಾಲಾ ಮಂಡಳಿಗೆ ಕೊಟ್ಟ ವರದಿಯಲ್ಲಿ “ಪ್ರಚೋದನೆ ಕಂಡುಬಂದಿಲ್ಲ” ಎಂದು ಬರೆದ.

ಇವತ್ತು ಹನ್ನೊಂದೂವರೆಗೆ ಮಂಡಳಿಯ ಸಭೆ. ರೂಟಾಳನ್ನು ಇಟ್ಟುಕೊಳ್ಳಬೇಕೋ, ತೆಗೆಯಬೇಕೋ. ತೆಗೆದರೆ ಅತಿ ಹತ್ತಿರದ ಶಾಲೆಗೆ ಎರಡು ಬಸ್ಸು. ಜಾಗವಿಲ್ಲವೆಂದು ಆ ಶಾಲೆ ಆಗಲೇ ಫೋನಿನಲ್ಲಿ ಹೇಳಿತ್ತು. ಅದು ಲೆಪೇಕಾಳಿಗೆ ಗೊತ್ತಿರಲಿಲ್ಲ. ಫೆರೇಟಿಗೆ ಗೊತ್ತಿತ್ತು. ಫೋನು ಮಾಡಿದವನು ಅವನೇ.

ಡಂಕನ್ ಏಳೂಕಾಲಿಗೆ ಬಂದ. ಅಧ್ಯಾಪಕರ ಕೋಣೆಯಲ್ಲಿ ಚಹಾ ಕಲಕುತ್ತಿದ್ದ.

“ಹೊರಗೆ ರೂಟಾ ಮನೆಯವರು ಕೂತಿದ್ದಾರೆ” ಎಂದ ಫೆರೇಟಿ.

“ನೋಡ್ದೆ.”

“ನೀನು ಹೋಗಿ ಆ ಚಾಪೆ ಎತ್ತಬೇಕು. ಒಂದು ನಿಮಿಷದ ಕೆಲ್ಸ.”

“ಎತ್ತಿದ್ರೆ?”

“ಕ್ಷಮಿಸಿದ ಹಾಗೆ.”

ಡಂಕನ್ ಮುರಿದ ಹಲ್ಲನ್ನು ನಾಲಿಗೆಯಿಂದ ಮುಟ್ಟಿಕೊಂಡ. “ಕ್ಷಮಿಸೋಕೆ ನನಗೇನೂ ಕಷ್ಟ ಇಲ್ಲ ಕಣೋ. ಆದ್ರೆ ಮಂಡಳಿ ತೀರ್ಮಾನ ಆಗೋ ತನಕ ಆ ಮನೆಯವರ ಹತ್ರ ತುಟಿ ಬಿಚ್ಚಬೇಡ ಅಂತ ಅಧ್ಯಾಪಕರ ಸಂಘದವರು ಹೇಳಿದಾರೆ. ಚಾಪೆ ಎತ್ತೋದು ತುಟಿ ಬಿಚ್ಚಿದ ಲೆಕ್ಕಕ್ಕೆ ಬರುತ್ತಾ?”

“ಬರುತ್ತೆ.”

“ಮತ್ತೆ?” ಎಂದ ಡಂಕನ್. ಚಹಾ ಕುಡಿದ. ಬಿಸಿ ತಾಗಿ ಹಲ್ಲು ಝುಮ್ಮೆಂದಿರಬೇಕು, ಕಣ್ಣು ಮುಚ್ಚಿದ.

ಪ್ರಾಂಶುಪಾಲೆ ಬ್ರಾನ್ವಿನ್ ಹಾರ್ಕ್‌ನೆಸ್ ಕಾರನ್ನು ಬೀದಿಯಲ್ಲಿ ನಿಲ್ಲಿಸಿ ನಡೆದು ಬಂದಳು. ಮುಖ ಅರಳಿತ್ತು.

“ಎಷ್ಟು ಚೆನ್ನಾಗಿದೆ ಫೆರೇಟಿ! ಪಟ್ಟೀಲಿ ಇರ್ಲಿಲ್ವಲ್ಲ ಇದು?”

“ಇದು ಕಾರ್ಯಕ್ರಮ ಅಲ್ಲ. ರೂಟಾ ಮನೆಯವರು ಕ್ಷಮೆ ಕೇಳೋಕೆ ಬಂದಿದ್ದಾರೆ.”

“ಓ. ಯಾರನ್ನ?”

“ನಿಮ್ಮನ್ನ. ಈ ಮನೆಗೆ ನೀವೇ ಯಜಮಾನರು. ನೀವು ಎತ್ತಿದ್ರೂ ಆಗುತ್ತೆ.”

ಅವಳು ಕಿಟಕಿಯಿಂದ ನೋಡಿದಳು. ಮುಖದ ಗೆಲುವು ಮಡಿಸಿಟ್ಟ ಹಾಗೆ ಒಳಗೆ ಹೋಯಿತು. “ಕಾಫಿ ಕಳಿಸ್ಲಾ ಅವರಿಗೆ?”

“ಕುಡಿಯಲ್ಲ.”

“ನೋಡು, ಈಗ ನಾನು ಹೋದ್ರೆ ಹನ್ನೊಂದೂವರೆ ಸಭೆಗೆ ಏನು ಅರ್ಥ? ಮಂಡಳಿ ಮುಕ್ತ ಮನಸ್ಸಿಂದ ಕೂರಬೇಕು ಅಂತ ಕಾನೂನೇ ಇದೆ. ಅವರು ಅಲ್ಲೇ ಇರಲಿ, ಯಾರೂ ಎಬ್ಬಿಸೋದು ಬೇಡ. ಅತಿಥಿಗಳು ಕೇಳಿದ್ರೆ ಸಾಂಪ್ರದಾಯಿಕ ಸ್ವಾಗತ ಅನ್ನು. ಸುಳ್ಳೇನಲ್ಲವಲ್ಲ? ಒಂದು ಥರದಲ್ಲಿ?”

ಫೆರೇಟಿಗೆ ಸಿಟ್ಟು ಬಂತು. ಬಾಯಿಗೆ ಬರುವಷ್ಟರಲ್ಲಿ ಅದು ಶಿಷ್ಟವಾಗಿತ್ತು.

“ಒಂದು ಥರದಲ್ಲಿ” ಎಂದ ಫೆರೇಟಿ.

ಹತ್ತಕ್ಕೆ ಎಲ್ಲರೂ ಬಂದರು. ಬಿಸಿಲು ಬಂದಿತ್ತು, ಡಾಂಬರು ಕಾದಿತ್ತು. ಒಂಬತ್ತೂ ಸಂಸ್ಥೆಗಳವರು ಏಳು ಜನರ ಸುತ್ತ ಅರ್ಧವೃತ್ತವಾಗಿ ನಿಂತು, ದನಿ ತಗ್ಗಿಸಿ, ಮೊಬೈಲು ಎತ್ತಿ ಹಿಡಿದರು. ಬಂದವರಲ್ಲಿ ಇಗರ್ಜಿಯ ಹಿರಿಯನೊಬ್ಬನಿದ್ದ. ಅವನಿಗೆ ಎಲ್ಲವೂ ಗೊತ್ತು. ಅವನು ತನ್ನ ಬೂಟುಗಳನ್ನು ನೋಡಿಕೊಂಡ. ಬೇರೆಯವರ ಇಫೋಂಗಾಕ್ಕೆ ಬಾಯಿ ಹಾಕಬಾರದು ಎಂಬುದೂ ಅವನಿಗೆ ಗೊತ್ತಿತ್ತು.

ಬ್ಯಾಂಕಿನ ದತ್ತಿ ಸಂಸ್ಥೆಯ ಮುಖ್ಯಸ್ಥೆ ವಿವಿಯನ್ ಆಲ್ಡ್ರಿಜ್ ಮೃದು ಮನಸ್ಸಿನ ಹೆಂಗಸು. ಫೆರೇಟಿಯ ಕಿವಿಯಲ್ಲಿ, “ನಮಗೋಸ್ಕರ ಇಷ್ಟೆಲ್ಲಾ?” ಎಂದಳು. ಕಣ್ಣು ಒದ್ದೆಯಾಗಿತ್ತು. ಅವನ ಉತ್ತರಕ್ಕೆ ಕಾಯದೆ ಮುಂದೆ ಹೋಗಿ, ಬಿಳಿ ಉಡುಪಿನ ಪರಿವೆಯಿಲ್ಲದೆ ಡಾಂಬರಿಗೆ ಮಂಡಿಯೂರಿದಳು.

“ಪಾಪ, ಒಳಗೆ ಎಷ್ಟು ಸೆಖೆಯೋ” ಎಂದು ಎರಡೂ ಕೈಯಿಂದ ಚಾಪೆ ಎತ್ತಿದಳು.

ಚಪ್ಪಾಳೆ.

ಮಸೋಯೆಯ ಮುಖದಿಂದ ಬೆವರು ಇಳಿಯುತ್ತಿತ್ತು. ಐದು ಗಂಟೆಗಳ ಕತ್ತಲಿನಿಂದ ಬಂದ ಕಣ್ಣಿಗೆ ಬಿಸಿಲು ತಡೆಯಲಾಗಲಿಲ್ಲ. ಆತ ಹೆಂಗಸನ್ನು ನೋಡಿದ, ಚಪ್ಪಾಳೆಯವರನ್ನು ನೋಡಿದ, ಕೊನೆಗೆ ಫೆರೇಟಿಯನ್ನು ನೋಡಿ ತಮ್ಮ ಭಾಷೆಯಲ್ಲಿ ಕೇಳಿದ.

“ಈಕೆ ಯಾರಪ್ಪಾ?”

“ದೊಡ್ಡವರು, ಹಿರಿಯರೇ.”

“ಈ ಮನೆಯವರೋ?”

ಅಲ್ಲ ಎಂದರೆ ಮುದುಕ ಚಾಪೆಯನ್ನು ಮತ್ತೆ ತಲೆಯ ಮೇಲೆ ಎಳೆದುಕೊಳ್ಳುತ್ತಾನೆ, ಇಷ್ಟು ಜನರೆದುರು. ಆಗ ಏಕೆಂದು ಕೇಳುತ್ತಾರೆ. ಏಕೆಂದು ಹೇಳಬೇಕಾಗುತ್ತದೆ. ಬ್ರಾನ್ವಿನ್ ಹುಬ್ಬೆತ್ತಿ ನಗುತ್ತಿದ್ದಳು. ಅಧ್ಯಾಪಕರ ಕೋಣೆಯ ಕಿಟಕಿಯಲ್ಲಿ ಡಂಕನ್ ನಿಂತಿದ್ದ.

“ಇವರಿಲ್ಲದೆ ಈ ಮನೆ ನಡೆಯಲ್ಲ” ಎಂದ ಫೆರೇಟಿ.

ಅದು ನಿಜ. ಯಾರು ಪರಿಶೀಲಿಸಿದರೂ ನಿಜ.

ಮಸೋಯೆ ಇಬ್ಬರ ಆಸರೆಯಲ್ಲಿ ಎದ್ದ. ಹತ್ತು ನಿಮಿಷ ಮಾತಾಡಿದ. ತನ್ನ ಮೊಮ್ಮಗಳು ಈ ಮನೆಯ ಹಿರಿಯನ ರಕ್ತ ಹರಿಸಿದಳು, ಆ ರಕ್ತ ತನ್ನ ಕೈಮೇಲಿದೆ, ಅವಳು ತಡವಾಗಿ ಬಂದದ್ದು ತನ್ನ ದೇಹದ ದೆಸೆಯಿಂದ, ಆದ್ದರಿಂದ ಕೆಂಪು ಬಣ್ಣ ತನ್ನ ಹೆಸರಿಗೆ ಸಲ್ಲಬೇಕು. ತನ್ನ ತಾಯಿ ಹದಿನಾಲ್ಕು ತಿಂಗಳು ನೇಯ್ದ ಚಾಪೆಯಿದು, ಮದುವೆಗೆ ತಂದದ್ದು, ಇನ್ನು ಈ ಮನೆಯದು. ಮಗುವನ್ನು ಒಳಗೆ ಕರೆದುಕೊಂಡದ್ದಕ್ಕೆ ದೇವರು ನಿಮ್ಮನ್ನು ಕಾಯಲಿ.

“ಏನಂದ್ರು?” ಎಂದಳು ವಿವಿಯನ್.

“ನಿಮಗೆ ಸ್ವಾಗತ ಅಂದ್ರು. ಚಾಪೆ ಶಾಲೆಗೆ ಉಡುಗೊರೆ.”

ರೂಟಾಳಿಗೆ ಎರಡೂ ಭಾಷೆ ಬರುತ್ತಿತ್ತು. ಅವಳು ಫೆರೇಟಿಯನ್ನು ನೋಡಿದಳು. ಬಾಯಿ ತೆರೆದಳು. ಅಷ್ಟರಲ್ಲಿ ತಾತ ಅವಳ ಹೆಗಲ ಮೇಲೆ ಕೈಯಿಟ್ಟು ಭಾರ ಬಿಟ್ಟ. ಅವಳು ಬಾಯಿ ಮುಚ್ಚಿ ಆತನನ್ನು ಹಿಡಿದುಕೊಂಡಳು.

ಫೆರೇಟಿ ಕಾರಿನ ತನಕ ಹಿಂದೆ ಹೋದ. “ಅಕ್ಕಾ, ಹನ್ನೊಂದೂವರೆಗೆ ಸಭೆ ಇದೆ. ನೀವೂ ಬರಬೇಕು.”

“ಯಾವ ಸಭೆ?” ಎಂದ ಮಸೋಯೆ ಒಳಗಿನಿಂದ. “ಎತ್ತಿ ಆಯ್ತಲ್ಲ. ಕ್ಷಮಿಸಿದ ಮೇಲೆ ಮತ್ತೆ ಬಾಗಿಲಿಗೆ ಹೋದ್ರೆ ನಂಬಿಕೆ ಇಲ್ಲ ಅಂದ ಹಾಗಾಗುತ್ತೆ. ಮರ್ಯಾದೆ ಅಲ್ಲ.”

“ಆದ್ರೂ...”

“ಸೂಜಿ ಹೊತ್ತು ಮೀರಿದೆ ಕಣೋ” ಎಂದಳು ಲೆಪೇಕಾ. ಅವಳು ಈಗ ನಗುತ್ತಿದ್ದಳು. ಮೊದಲ ಸಲ ಮುಖ ಎತ್ತಿದ್ದಳು. “ನೀನು ಒಳ್ಳೇವ್ನು ತಮ್ಮಾ. ಏನೇನೋ ಅಂದ್ಬಿಟ್ಟೆ. ಬನ್ನು ಉಳಿದ್ರೆ ತಗೊಂಡು ಹೋಗು.”

ಛಾಯಾಗ್ರಾಹಕ ಅವನ ಹೆಸರು ಕೂಗಿದ. ಗುಂಪಿನ ಚಿತ್ರಕ್ಕೆ ಅವನೊಬ್ಬನೇ ಕಮ್ಮಿಯಿದ್ದ. ಅವನು ಹೋದ.

ಮಂಡಳಿಯ ಸಭೆ ಹದಿನೇಳು ನಿಮಿಷದಲ್ಲಿ ಮುಗಿಯಿತು. ಕುಟುಂಬದವರು ಬರುವುದಕ್ಕೆ ಹತ್ತು ನಿಮಿಷ ಕಾದರು, ಅದೂ ಸೇರಿ.

“ಅವರಿಗೆ ಸಮಯ ಗೊತ್ತಿತ್ತಾ?” ಎಂದು ಅಧ್ಯಕ್ಷ ಕೇಳಿದ.

“ಗೊತ್ತಿತ್ತು” ಎಂದ ಫೆರೇಟಿ.

“ಬೆಳಿಗ್ಗೆ ಇಲ್ಲೇ ಇದ್ರಲ್ಲ?”

“ಇದ್ರು.”

“ಸ್ವಾಗತಕ್ಕೆ ಬರ್ತಾರೆ, ಮಗಳ ವಿಚಾರಣೆಗೆ ಬರಲ್ಲ” ಎಂದ ಮಂಡಳಿಯ ಇನ್ನೊಬ್ಬ ಸದಸ್ಯ. ಬ್ರಾನ್ವಿನ್ ಕಾಗದ ಜೋಡಿಸುತ್ತಿದ್ದಳು. ನಾಲ್ವರು ತೆಗೆಯಬೇಕೆಂದರು, ಒಬ್ಬರು ಬೇಡವೆಂದರು. ‘ಕುಟುಂಬದ ಗೈರುಹಾಜರಿಯನ್ನು ಗಮನಿಸಲಾಯಿತು’ ಎಂದು ನಡಾವಳಿಯಲ್ಲಿ ಬರೆದುಕೊಂಡರು.

ಪತ್ರದ ನಮೂನೆ ಸಿದ್ಧವಿತ್ತು. ಸಮೋವಾ ಭಾಷೆಗೆ ಅನುವಾದಿಸಲು ಫೆರೇಟಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಭಾಷೆ ಚೆನ್ನಾಗಿ ಬಂದಿತ್ತು.

“ಚಾಪೆ ವಾಪಸ್ ಕೊಡೋಣ” ಎಂದ ಅವನು ಬ್ರಾನ್ವಿನ್‌ಗೆ.

“ಉಡುಗೊರೆ ವಾಪಸ್ ಕೊಟ್ರೆ ಅವಮಾನ ಅಲ್ವಾ ನಿಮ್ಮಲ್ಲಿ?”

“ಹೌದು.”

“ಮತ್ತೆ? ರಗ್ಬಿ ಟ್ರೋಫಿಗಳ ಕಪಾಟಿನಲ್ಲಿ ಇಡ್ಸಿದೀನಿ. ಗಾಜಿದೆ, ಬೀಗ ಇದೆ. ಪತ್ರ ನೀನೇ ಕೊಟ್ಟು ಬಾ. ನೀನು ಹೇಗೂ ಆ ಕಡೆಯವನೇ ತಾನೆ.”

ಯಾವ ಕಡೆ ಎಂದು ಅವನು ಕೇಳಲಿಲ್ಲ. ಸಭಾಂಗಣದ ಕುರ್ಚಿ ಮಡಿಸಿದ. ವೇದಿಕೆಯ ಹಿಂದೆ ಕಟ್ಟಿದ್ದ ಫ್ಲೆಕ್ಸ್ ಬಿಚ್ಚಿ ಸುತ್ತಿ ಕಾರಿನ ಡಿಕ್ಕಿಗೆ ಹಾಕಿದ.

ನಾಲ್ಕಕ್ಕೆ ಲೆಪೇಕಾಳ ಮನೆಯ ಬಾಗಿಲು ತೆರೆದವಳು ರೂಟಾ. ಸಮವಸ್ತ್ರದಲ್ಲೇ ಇದ್ದಳು. ಪತ್ರವನ್ನು ನಿಂತಲ್ಲೇ ಓದಿದಳು.

“ನೀವೇ ಬರೆದಿದ್ದಾ ಇದು?”

“ಅನುವಾದ ಮಾತ್ರ.”

“ಒಂದೂ ತಪ್ಪಿಲ್ಲ ಸಾರ್” ಎಂದು ಬಾಗಿಲು ಹಾಕಿಕೊಂಡಳು.

ಒಳಗೆ ದನಿಗಳು ಎದ್ದವು. ಮೊದಲು ಲೆಪೇಕಾಳದು, ದೊಡ್ಡದಾಗಿ. ಆಮೇಲೆ ಮುದುಕನದು, ಒಂದೇ ಒಂದು ಮಾತು.

ಫೆರೇಟಿ ಕಾರಿನ ತನಕ ಹೋದ. ಬೀಗದ ಕೈಯನ್ನು ಬೆರಳಿನಲ್ಲಿ ತಿರುಗಿಸಿದ. ಬಾಗಿಲ ಬದಲು ಡಿಕ್ಕಿ ತೆಗೆದ. ಫ್ಲೆಕ್ಸನ್ನು ಎಳೆದು ತಂದು, ಅವರ ಹುಲ್ಲಿನ ಮೇಲೆ, ಬಾಗಿಲಿಗೆ ಮುಖ ಮಾಡಿ ಕುಳಿತು, ತಲೆಯ ಮೇಲೆ ಹೊದ್ದುಕೊಂಡ.

ಒಬ್ಬನೇ ಮಾಡಿದರೆ ಇಫೋಂಗಾ ಅಲ್ಲ. ಹಿಂದೆ ಮನೆತನ ಕೂರಬೇಕು. ಅವನದೇ ಇಪ್ಪತ್ತೆರಡು ಪುಟಗಳಲ್ಲಿ ಅದು ಮೊದಲ ಷರತ್ತು. ಅವನ ಹಿಂದೆ ಕಾರಿತ್ತು, ಡಿಕ್ಕಿ ತೆರೆದುಕೊಂಡು.

ಪ್ಲಾಸ್ಟಿಕ್ಕು ಬಿಸಿಲಿಗೆ ನಾರುತ್ತಿತ್ತು, ಉಸಿರು ತಗಲಿ ಒಳಗೆಲ್ಲ ಒದ್ದೆ. ಒಂಬತ್ತು ಸಂಸ್ಥೆಗಳ ಗುರುತುಗಳು ಅವನಿಗೆ ಹಿಂದುಮುಂದಾಗಿ ಕಾಣುತ್ತಿದ್ದವು. ಎಣಿಸಿದ. ಒಂಬತ್ತೂ ಇದ್ದವು. ಸಿಟ್ಟು ಬಂತು. ಬ್ರಾನ್ವಿನ್ ಮೇಲೆ, ಮಂಡಳಿಯ ಮೇಲೆ, ಹೇಳದೆಯೇ ಎಲ್ಲರಿಗೂ ಅರ್ಥವಾಗುತ್ತದೆಂದು ನಂಬಿದ ಆ ಮುದುಕನ ಮೇಲೆ. ಈಗಲೂ ಅದು ಬಾಯಿಗೆ ಬರಲಿಲ್ಲ.

“ಏನಣ್ಣಾ, ಏನು ಮಾರ್ತಿದೀಯ?” ಎಂದು ಬೀದಿಯಿಂದ ಯಾರೋ ಕೂಗಿದರು. ಇನ್ಯಾರೋ ನಕ್ಕರು.

ಐದೂ ಹತ್ತಕ್ಕೆ ಬಾಗಿಲು ತೆರೆಯಿತು. ಪ್ಲಾಸ್ಟಿಕ್ಕಿನ ಅಂಚಿನ ಕೆಳಗೆ ಲೆಪೇಕಾಳ ಕೆಲಸದ ಬೂಟುಗಳು ಕಂಡವು. ಬಂದು ಅವನೆದುರು ನಿಂತವು. ಅವನು ಕುತ್ತಿಗೆ ಬಗ್ಗಿಸಿದ. ಬೂಟುಗಳು ಅವನ ಪಕ್ಕದಿಂದ ಸುತ್ತಿ ಗೇಟು ದಾಟಿದವು.

ಪಾಳಿಗೆ ಹೋಗುವ ಐದೂ ಹದಿನೆಂಟರ ಬಸ್ಸು ಅಂದು ಎರಡು ನಿಮಿಷ ತಡವಾಗಿ ಬಂತು. ಲೆಪೇಕಾ ಹತ್ತಿದಳು.