ಕಾಂತರಾಜುವಿನ ಹೆಬ್ಬೆರಳು

ಹೆಬ್ಬೆರಳು ಎತ್ತಿದ — ಅಲ್ಲಿ ಹಿಂದೆ, ಮದುವೆ ಮಂಟಪದ ಊಟದ ಹಾಲಿನ ಬಾಗಿಲ ಪಕ್ಕ, ಕರಿ ಸ್ಪೀಕರಿನ ಮಗ್ಗುಲಲ್ಲಿ ಮಿಕ್ಸರ್ ಮುಂದಿಟ್ಟುಕೊಂಡು ಕೂತ ಕಾಂತರಾಜು, ಒಂದು ಕೈಯಲ್ಲಿ ಅರ್ಧ ಕಚ್ಚಿದ ಬೋಂಡ, ಇನ್ನೊಂದು ಕೈಯ ಹೆಬ್ಬೆರಳು ಜನರ ತಲೆಗಳ ಮೇಲೆ, ಬೇಸ್ ಸೂಪರಾಗ್ ಬತ್ತಾದೆ ಕಣಣ್ಣ ಅಂತ ಅದರ ಅರ್ಥ, ಹದಿನಾರು ವರ್ಷದಿಂದ ಅದೊಂದೇ ಅರ್ಥ, ನಾನೂ ಹದಿನಾರು ವರ್ಷದ ಅಭ್ಯಾಸಕ್ಕೆ ತಲೆಯಾಡಿಸಿಬಿಟ್ಟೆ, ನಕ್ಕೂಬಿಟ್ಟೆ, ಮುಖಕ್ಕೆ ಸುದ್ದಿ ಮುಟ್ಟಿಲ್ಲ ಇನ್ನೂ. ಸಂಜೆ ನಾಲ್ಕೂವರೆ, ಗವಾಕ್ಷಿಯ ಬಿಸಿಲು ಮೊದಲ ಸಾಲಿನ ಖಾಲಿ ಕುರ್ಚಿಗಳ ಮೇಲೆ, ಹೆಣ್ಣು ಗಂಡು ಇನ್ನೂ ಒಳಗೆ ಅಲಂಕಾರದಲ್ಲಿ, ಜನ ಬಾದಾಮಿ ಹಾಲಿನ ಲೋಟ ಹಿಡಿದು ಜಾಗ ಹುಡುಕುತ್ತಿದ್ದಾರೆ, ಸ್ನೇಹಲತಾ ಮೊದಲ ಹಾಡಿನ ಎರಡನೇ ಚರಣಕ್ಕೆ ಬಂದಳು, ತಂಡದ ಯಜಮಾನಿ ಅವಳೇ, ಗಾಯಕಿಯೂ ಅವಳೇ, ನನ್ನ ಕಡೆ ಒಮ್ಮೆ ನೋಡಿ ಕಣ್ಣು ತಪ್ಪಿಸಿದಳು, ಪಕ್ಕದಲ್ಲಿ ರಜನೀಶ್, ಕೀಬೋರ್ಡು, ಕೀಬೋರ್ಡಿನ ಮೇಲೆ ಲ್ಯಾಪ್‌ಟಾಪು, ಅವನು ಮಧ್ಯಾಹ್ನದಿಂದ ನನ್ನ ಕಡೆ ನೋಡಿಯೇ ಇಲ್ಲ, ಮತ್ತು ನಾನು, ಮಹಾವೀರ, ಅಮ್ಮನ ಬಾಯಲ್ಲಿ ಮಾವೀರ, ಜಿನನಾಥಪುರದವನು, ನಾಲ್ಕು ತಂತಿಯ ಬೇಸ್ ಗಿಟಾರು ಹೆಗಲಿಗೆ ಹಾಕಿಕೊಂಡು ಬೆರಳಾಡಿಸುತ್ತಿದ್ದೇನೆ, ತಂತಿ ನಡುಗುತ್ತದೆ, ಬೆನ್ನ ಹಿಂದಿನ ಆಂಪ್, ನನ್ನೊಬ್ಬನ ಸ್ಪೀಕರು, ಗುಂಗುಡುತ್ತದೆ, ಸದ್ದು ಸ್ಟೇಜಿನ ಅಂಚಿನವರೆಗೆ ಹೋಗಿ ಅಲ್ಲೇ ಸಾಯುತ್ತದೆ, ಅದರಾಚೆಗೆ ಹೋಗುವುದು ನನ್ನದಲ್ಲ.

ಕೇಬಲ್ ತರಬಾರದಿತ್ತು. ನಿನ್ನೆ ಹಾಸನದಲ್ಲಿ ಐವತ್ತು ಅಡಿಯ ಹೊಸ ಕೇಬಲ್ ತಂದೆ, ನನಗೆ ನನ್ನ ಸದ್ದು ಹಾಲಿನ ಮಧ್ಯೆ ನಿಂತು ಕೇಳಬೇಕಿತ್ತು, ಸ್ಟೇಜಿನ ಮೇಲೆ ನಿಂತವನಿಗೆ ಕೇಳುವುದೇ ಬೇರೆ, ಕುರ್ಚಿಯಲ್ಲಿ ಕೂತವನಿಗೆ ಕೇಳುವುದೇ ಬೇರೆ, ಅದು ಗೊತ್ತಿದ್ದೂ ಇಷ್ಟು ವರ್ಷ ನಾನು ಸ್ಟೇಜ್ ಬಿಟ್ಟು ಕೆಳಗಿಳಿದವನಲ್ಲ, ಕಾಂತರಾಜು ಇದ್ದಾನಲ್ಲ, ಅವನ ಹೆಬ್ಬೆರಳೇ ನನ್ನ ಕಿವಿ. ಇವತ್ತು ಎರಡೂವರೆಗೆ ಸೌಂಡ್ ಚೆಕ್, ನುಡಿಸುತ್ತ ನುಡಿಸುತ್ತ ಮೆಟ್ಟಿಲು ಇಳಿದೆ, ಕುರ್ಚಿಗಳ ಸಂದಿಯಲ್ಲಿ ಕೇಬಲ್ ಎಳೆದುಕೊಂಡು ನಡೆದೆ, ಹತ್ತನೇ ಸಾಲು, ಹನ್ನೆರಡನೇ ಸಾಲು, ಆಹಾ, ಎಂಥ ಸದ್ದು, ಗುಂಡಗೆ, ತುಂಬಿಕೊಂಡು, ಒಂದು ಮಾತ್ರೆ ಆಚೆ ಈಚೆ ಇಲ್ಲ, ಈ ನುಣ್ಣನೆಯ ತಂತಿ ಕೊನೆಗೂ ಮಾತು ಕೇಳಿತು ಅಂದುಕೊಂಡೆ, ಒರಟು ಸುತ್ತಿನ ತಂತಿ ಬೇಡ, ಬೆರಳು ಸರಿದರೆ ಕರ್ ಅನ್ನುತ್ತದೆ, ನುಣ್ಣನೆಯದು ಬೇಕು, ಹಾಕಿ ಎರಡು ತಿಂಗಳು ಪಳಗಿಸಬೇಕು ಅಂತ ನಾನೇ ಎಲ್ಲರಿಗೂ ಹೇಳುತ್ತಿದ್ದೆನಲ್ಲ, ಕಣ್ಣಲ್ಲಿ ನೀರು ಬರುವುದೊಂದು ಬಾಕಿ, ಅಷ್ಟರಲ್ಲಿ ಹೆಗಲ ಪಟ್ಟಿ ಜಾರಿತು, ಸರಿಮಾಡಿಕೊಳ್ಳಲು ತಂತಿಯಿಂದ ಎರಡೂ ಕೈ ತೆಗೆದೆ.

ಬೇಸ್ ನಿಲ್ಲಲಿಲ್ಲ. ನನ್ನ ಕೈ ಹೆಗಲ ಮೇಲೆ, ಬೇಸ್ ತನ್ನ ಪಾಡಿಗೆ ತಾನು ನಡೆಯುತ್ತಿದೆ, ದುಮ್ ದುಮ್, ನಾನು ಕೂತು ಕೂತು ಕಟ್ಟಿದ ಅದೇ ನಡೆ, ಪಲ್ಲವಿಗೆ ತಿರುಗುವ ಮುಂಚೆ ನಾನು ಹಾಕುವ ಆ ಸಣ್ಣ ಕೊಂಕು ಕೂಡ ಹಾಗೇ ಇದೆ, ಯಾವತ್ತೋ ರಜನೀಶನ ರೂಮಿನಲ್ಲಿ ರೆಕಾರ್ಡಿಗೆ ಅಂತ ನುಡಿಸಿಕೊಂಡಿದ್ದನ್ನು ಅವನು ಲ್ಯಾಪ್‌ಟಾಪಿಗೆ ಇಳಿಸಿಕೊಂಡಿದ್ದಾನೆ, ನನ್ನ ನಡಿಗೆ, ನನ್ನ ಕಾಲಿಲ್ಲದೆ. ಕಾಂತರಾಜು ನನ್ನ ಖಾಲಿ ಕೈ ನೋಡಿದ, ನಾನು ಅವನ ಮುಖ ನೋಡಿದೆ, ರಜನೀಶ್ ಟ್ರ್ಯಾಕ್ ನಿಲ್ಲಿಸಿದ, ಅಡುಗೆಮನೆಯಲ್ಲಿ ಸೌಟಿನ ಸದ್ದು ಕೇಳಿತು, ಅಣ್ಣಾ ಟೀ ಕುಡಿಯಾನ ಬಾ ಅಂದ ಕಾಂತರಾಜು.

ಬಸ್‌ಸ್ಟ್ಯಾಂಡ್ ಕಡೆಯ ಟೀ ಅಂಗಡಿ, ಹಬೆ, ಅವನು ಲೋಟ ತಿರುಗಿಸುತ್ತ ಕೂತ, ಯಾವಾಗಿಂದ ಹೀಗೆ ಅಂದೆ, ಕೊಣನೂರಿಂದ ಕಣಣ್ಣ ಅಂದ. ಕೊಣನೂರು ಅಂದರೆ ಹೋದ ಗಣೇಶನ ಹಿಂದಿನ ಗಣೇಶ, ಅಂದರೆ ಒಂದೂವರೆ ವರ್ಷ, ಸ್ನೇಹಕ್ಕನೇ ಅಂದ್ರು, ಅವನ್ ಚಾನೆಲ್ ಮುಚ್ಬುಡು, ಅವನ್ಗೆ ಏಳ್ಬ್ಯಾಡ, ಬೇಜಾರ್ ಮಾಡ್ಕತಾನೆ ಅಂತ, ಒಂದ್ ಪ್ರೋಗ್ರಾಮಿಗೆ ಅಂತ ಮುಚ್ಚಿದ್ದು ಕಣಣ್ಣ, ಬೇಸ್ ಎಲ್ಲೋಯ್ತು ಅಂತ ಯಾರೂ ಕೇಳ್ನಿಲ್ಲ, ಅಂಗೇ ಓಯ್ತು. ಸಂತೆ ಮಾಳದ ಪಕ್ಕ ಪೆಂಡಾಲು, ಕೊಣನೂರು, ನನಗೆ ಆ ಸಂಜೆ ಚೆನ್ನಾಗಿ ನೆನಪಿದೆ, ನೆನಪಿರುವುದು ತಪ್ಪಾಗಿ, ಸ್ನೇಹಲತಾಳ ಶ್ರುತಿ ಮೇಲೆ ಹೋದಾಗಲೆಲ್ಲ ಒಡೆಯುತ್ತಿತ್ತು, ನಾನೇ ಹೋಗಿ ಹೇಳಿದ್ದೆ, ಗಂಟಲು ಕೆಟ್ಟಿದೆ ಮಾರಾಯ್ತಿ, ಮೆಣಸಿನ ಕಷಾಯ ಕುಡಿ, ಅವಳು ಹೂಂ ಅಂದಿದ್ದಳು, ಹೂಂ ಅಂದು ಕುಡಿದಿದ್ದಳು ಕೂಡ, ಕೆಟ್ಟಿದ್ದು ಗಂಟಲಲ್ಲ ಮಾವೀರ, ನಿನ್ನ ತಂತಿ, ಮೂರು ಸಲ ಕುದಿಸಿದ ತಂತಿ.

ಕುದಿಸುತ್ತಿದ್ದೆ, ಹೌದು. ಬೆವರು ಕುಡಿದು ಮಂಕಾದ ತಂತಿಯನ್ನು ಬಿಚ್ಚಿ ಸುರುಳಿ ಸುತ್ತಿ ಕುದಿಯುವ ನೀರಿಗೆ ಹಾಕಿ ಕಾಲು ಗಂಟೆ ಬಿಟ್ಟರೆ ಕೊಳೆ ಬಿಡುತ್ತದೆ, ಮತ್ತೆ ಹೊಳಪು ಬರುತ್ತದೆ, ಯಾರೂ ಹೇಳಿಕೊಟ್ಟಿದ್ದಲ್ಲ, ಅಲ್ಲಿ ಇಲ್ಲಿ ಕೇಳಿ ಕಲಿತದ್ದು, ಒಂದು ಸಲ ಕುದಿಸಬಹುದು, ಎರಡು ಸಲವೂ ಸರಿ, ಮೂರನೆಯದಕ್ಕೆ ತಂತಿ ಬುಡದಲ್ಲಿ ಸತ್ಯ ಹೇಳಿ ಕುತ್ತಿಗೆಯಲ್ಲಿ ಸುಳ್ಳು ಹೇಳುತ್ತದೆ, ಕೆಳಗೆ ಶ್ರುತಿ ಸರಿ, ಮೇಲೆ ಒತ್ತಿದರೆ ಕೂದಲೆಳೆಯಷ್ಟು ಸೊಟ್ಟ, ನನಗೆ ಅದು ಗೊತ್ತಿರಲಿಲ್ಲ, ಗೊತ್ತಿಲ್ಲದ್ದನ್ನೂ ಗೊತ್ತಿರುವವನ ಹಾಗೆ ಎಲ್ಲರಿಗೂ ಪಾಠ ಮಾಡಿದೆ, ಅಮ್ಮ ಒಲೆಯ ಹತ್ತಿರ ಬಂದು ಪಾತ್ರೆ ಇಣುಕಿ, ಏನ್ ಮಾವೀರ, ತಂತಿ ಸಾರು ಆಯ್ತಾ, ಉಪ್ಪಾಕಿದ್ದೀಯಾ ಅನ್ನುತ್ತಿದ್ದಳು, ತಂಡದಲ್ಲೂ ಅದೇ ಹೆಸರು ನಿಂತಿತು, ತಂತಿ ಸಾರಣ್ಣ ಬಂದ. ಕೊಣನೂರಾದ ವಾರಕ್ಕೇ ನಾನು ಹೊಸ ತಂತಿ ಹಾಕಿದ್ದೆನಲ್ಲೋ ಅಂದೆ, ನೀ ಹಾಕಿದ್ದು ಯಾರ್ಗೂ ಗೊತ್ತಾಗ್ನಿಲ್ಲ ಕಣಣ್ಣ ಅಂದ ಕಾಂತರಾಜು, ಅನ್ನುವುದೇನು, ಮುಚ್ಚಿದ ಬಾಗಿಲ ಹಿಂದೆ ಹೊಸ ಬಟ್ಟೆ ಹಾಕಿಕೊಂಡವನು ನಾನು, ಒಂದೂವರೆ ವರ್ಷ, ಹೊಳೆನರಸೀಪುರದ ತಗಡಿನ ಸೂರಿಗೆ ತಗ್ಗಿನ ಸ್ವರ ಗುಡುಗುತ್ತದೆ ಅಂತ ಆಂಪಿನ ಗುಂಡಿಯನ್ನು, ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ, ಹನ್ನೆರಡು ಗಂಟೆಯಿಂದ ಹತ್ತು ಗಂಟೆಗೆ ತಿರುಗಿಸಿದ್ದು, ಅರಕಲಗೂಡಿನ ಹಲಗೆ ಸ್ಟೇಜು ಟೊಳ್ಳು ಅಂತ ಆಂಪನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಎತ್ತಿಟ್ಟಿದ್ದು, ಜನ ಸೇರಿದ ಮೇಲೆ ಮಧ್ಯದ ಸ್ವರ ಸ್ವಲ್ಪ ಏರಿಸಬೇಕು, ಮೈಗಳು ಸದ್ದು ಕುಡಿಯುತ್ತವೆ ಅಂತ ಏರಿಸಿದ್ದು, ಪ್ರತಿ ಸಲವೂ ತಲೆ ಎತ್ತಿ ದೂರದ ಆ ಹೆಬ್ಬೆರಳಿಗೆ ಕಾದದ್ದು, ಪ್ರತಿ ಸಲವೂ ಅದು ಎದ್ದದ್ದು.

ಎರಡನೇ ಹಾಡು ಶುರುವಾಯಿತು, ಹೆಣ್ಣು ಗಂಡು ಬಂದರು, ಎಲ್ಲರ ಮೊಬೈಲುಗಳು ಮೇಲೆದ್ದವು, ಬೆರಳು ತಾನಾಗಿ ಓಡುತ್ತಿದೆ. ಹೆಗಲ ಪಟ್ಟಿ ಮತ್ತೆ ಜಾರಿತು, ಅಮ್ಮ ಹೊಲಿದ ಪಟ್ಟಿ, ಇದಕ್ಕೆ ಮೊದಲು ಚರ್ಮದ ಪಟ್ಟಿ ಇತ್ತು, ನಾನು ಈ ಗಿಟಾರನ್ನು ಮೊದಲು ಮನೆಗೆ ತಂದ ದಿನ ಅಮ್ಮ ಅದನ್ನು ಮಗುವಿನ ಹಾಗೆ ಮಗುಚಿ ನೋಡಿದ್ದಳು, ಮೂಸಿದ್ದಳು, ಮರ ತಾನೇ, ಹೂಂ ಅಮ್ಮ, ತಂತಿ ಕರುಳಿಂದಲ್ಲ ತಾನೇ, ಅಲ್ಲಮ್ಮ ಉಕ್ಕು, ಇದೇನಿದು ಅಂತ ಪಟ್ಟಿ ಹಿಡಿದಳು, ಮರುದಿನ ಪಟ್ಟಿ ಮಾಯ, ಅದರ ಜಾಗದಲ್ಲಿ ಅವಳ ಹಳೇ ಬಿಳಿ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಹೊಲಿದ ಇದು. ಹದಿಮೂರು ವರ್ಷದವನಿದ್ದಾಗ ರುದ್ರಪಟ್ಟಣದ ಸಂಗೀತೋತ್ಸವದಲ್ಲಿ ಮೃದಂಗದ ಎಡಗಡೆಗೆ ಕೂತಿದ್ದೆ, ಆ ಗುಮ್ಮೆನ್ನುವ ಸದ್ದು ಹೊಟ್ಟೆಯೊಳಗೆ ಇಳಿದು ಅಲ್ಲೇ ಉಳಿಯಿತು, ಮೃದಂಗ ಕೊಡಿಸು ಅಂತ ಮೂರು ದಿನ ಅತ್ತೆ, ಅಮ್ಮ ಬೈಯಲಿಲ್ಲ, ಪಕ್ಕ ಕೂರಿಸಿಕೊಂಡು, ಆ ಸದ್ದಿನೊಳಗೆ ಒಂದು ಜೀವ ಐತೆ ಮಾವೀರ, ಸರ್ಯಾಗ್ ಕೇಳುಸ್ಕೊ, ಅದು ಅಳ್ತಾ ಐತೆ ಅಂದಳು, ಆಮೇಲೆ ನಾನು ಮೃದಂಗ ಕೇಳಿದಾಗಲೆಲ್ಲ ಅಳು ಕೇಳಿದವನು, ಆದರೂ ಆ ಗುಮ್ ಬೇಕು, ಚರ್ಮವಿಲ್ಲದ ಗುಮ್, ಅದಕ್ಕೇ ಬೇಸ್ ಹಿಡಿದದ್ದು, ಅದಕ್ಕೇ ಅದೇ ಸೀರೆಯ ಉಳಿದ ತುಂಡನ್ನು ಮಡಿಸಿ ಗಿಟಾರಿನ ಬುಡದಲ್ಲಿ ತಂತಿಗಳ ಕೆಳಗೆ ತುರುಕಿದ್ದು, ಬಟ್ಟೆ ತಾಗಿದರೆ ಸ್ವರದ ಬಾಲ ಕತ್ತರಿಸಿ ಬರೀ ಗುಮ್ ಉಳಿಯುತ್ತದೆ, ಎಷ್ಟು ಮಡಿಕೆ ಅಂತ ಹುಡುಕಲು ಒಂದು ಮಳೆಗಾಲ ಹೋಯಿತು, ಮೂರು ಮಡಿಕೆ, ಮೂರೇ, ಅಮ್ಮ ಬಸದಿಯಲ್ಲಿ ಹೆಂಗಸರಿಗೆಲ್ಲ ಹೇಳಿಕೊಂಡು ಬಂದಿದ್ದಳು, ನಮ್ ಮಾವೀರಂದೂ ಮೃದಂಗವೇ ಕಣ್ರೇ, ಆದ್ರೆ ನನ್ ಸೀರೇದು.

ಅವಳು ಒಂದೇ ಸಲ ಬಂದಳು. ಪ್ರೋಗ್ರಾಮೆಲ್ಲ ಹೊತ್ತು ಮುಳುಗಿದ ಮೇಲೆ, ಅವಳ ಊಟ ಹೊತ್ತು ಮುಳುಗುವ ಮುಂಚೆ, ಎಲ್ಲಿ ಸೇರುತ್ತದೆ, ಹೋದ ಮಾಘದಲ್ಲಿ ಒಂದು ಸಿಕ್ಕಿತು, ಇಂಥದೇ ಮಧ್ಯಾಹ್ನದ ರಿಸೆಪ್ಷನ್, ಇದೇ ಮಂಟಪ, ಮೊದಲ ಸಾಲಿನಲ್ಲಿ ನಾನೇ ಕೈಹಿಡಿದು ಕೂರಿಸಿದೆ, ಆ ದಿನಕ್ಕೆ ತಂತಿ ಹದಕ್ಕೆ ಬಂದಿತ್ತು, ಬಟ್ಟೆ ಮೂರು ಮಡಿಕೆ, ಗುಂಡಿ ಹನ್ನೊಂದು ಗಂಟೆಗೆ, ನನ್ನ ಬದುಕಿನಲ್ಲಿ ಅಷ್ಟು ಚೆನ್ನಾಗಿ ಯಾವತ್ತೂ ನುಡಿಸಿಲ್ಲ, ಬಸ್ಸಿನಲ್ಲಿ ಹಿಂದಿರುಗುವಾಗ ಅವಳು ನನ್ನ ಅಂಗೈ ತೆಗೆದುಕೊಂಡು ತನ್ನ ಎದೆಯ ಮೇಲೆ ಇಟ್ಟುಕೊಂಡಳು, ಇಲ್ಲಿ ಕೇಳುಸ್ತು ಕಣಪ್ಪ, ಇಲ್ಲಿ, ಈ ಸದ್ದು ಯಾರ್ನೂ ನೋಯಿಸಿಲ್ಲ. ಈ ಕಾರ್ತಿಕದಲ್ಲಿ ಹೋದಳು, ಹೋಗುವಾಗಲೂ ನನಗೆ ಅಳು ಬರಲಿಲ್ಲ, ಕೇಳಿ ಹೋದಳಲ್ಲ, ಅದೊಂದು ಆಯಿತಲ್ಲ ಅನ್ನುವ ಸಮಾಧಾನ, ಮಾಘ ಅಂದರೆ ಕೊಣನೂರಾಗಿ ಐದು ತಿಂಗಳು, ಟೀ ಅಂಗಡಿಯಲ್ಲಿ ಬೆರಳು ಮಡಿಸಿ ಎಣಿಸಿದೆ, ಭಾದ್ರಪದ, ಆಶ್ವಯುಜ, ಕಾರ್ತಿಕ, ಮಾರ್ಗಶಿರ, ಪುಷ್ಯ, ಕಾಂತರಾಜು ಏನಣ್ಣ ಎಣಿಸ್ತಿದ್ದೀಯ ಅಂದ, ಅಮ್ಮ ಬಂದ ದಿನ ನನ್ನ ಚಾನೆಲ್ ಬಿಟ್ಟಿದ್ದೆಯೇನೋ ಅಂತ ಕೇಳಿದೆ, ಅವತ್ತೊಂದು ದಿನ, ಅವನು ಟೀ ಲೋಟ ಕೆಳಗಿಟ್ಟು ಇಲ್ಲ ಅಂತ ತಲೆಯಾಡಿಸಿದ. ಇಲ್ಲ ಇಲ್ಲ, ಮೊದಲ ಸಾಲು ಸ್ಟೇಜಿನಿಂದ ಆರು ಹೆಜ್ಜೆ, ಆಂಪಿನ ಸದ್ದೇ ಅಲ್ಲಿಗೆ ಮುಟ್ಟುತ್ತದೆ, ಮುಟ್ಟಲೇಬೇಕು, ಅವಳಿಗೆ ಕೇಳಿದ್ದು ನಾನೇ, ಕಬ್ಬಿಣದಂಥ ಲೆಕ್ಕ ಇದು, ಆದರೆ ವಿಡಿಯೋದವರ ಲೈಟು ಕಣ್ಣಿಗೆ ಹೊಡೆಯಿತು ಅಂತ ಅವಳು ಎದ್ದು ಹೋಗಿದ್ದಳಲ್ಲ, ಎರಡನೇ ಹಾಡಿಗೇ, ಹೊತ್ತಿಗೆ ಮುಂಚೆ ಊಟ ಮಾಡಬೇಕು ಅಂತ ಊಟದ ಹಾಲಿನ ಬಾಗಿಲಿಗೆ ಹೋಗಿ ಕೂತಿದ್ದಳಲ್ಲ, ಬಸ್ಸಿನಲ್ಲಿ ಅದನ್ನೂ ಹೇಳಿದ್ದಳು, ಮರೆತ ಹಾಗೆ ಇಟ್ಟುಕೊಂಡಿದ್ದೆ, ಆ ಕರೀ ಡಬ್ಬದ ಪಕ್ಕಾನೇ ಕೂತಿದ್ದೆ ಕಣೋ, ಎದೆಗೇ ಬಡೀತಿತ್ತು. ಅವಳ ಎದೆಗೆ ಬಡಿದದ್ದು ರಜನೀಶನ ಲ್ಯಾಪ್‌ಟಾಪು. ಯಾರನ್ನೂ ನೋಯಿಸದ ಸದ್ದು, ನೋಯಿಸಲು ಅದರೊಳಗೆ ಯಾರು ಇದ್ದರು.

ಮೂರನೇ ಹಾಡು. ಮೂರನೇ ಹಾಡಿಗೆ ಬಿಡ್ತೀನಿ ಕಣಣ್ಣ ಅಂದಿದ್ದ, ಟೀ ಅಂಗಡಿಯಿಂದ ಏಳುವಾಗ, ನನ್ನ ಮೊಣಕೈ ಹಿಡಿದು, ಸ್ನೇಹಕ್ಕ ಬೈದ್ರೂ ಬೈಲಿ, ನಿನ್ ಚಾನೆಲ್ ತೆಗೀತೀನಿ, ರಜನೀಶನ ಬೇಸ್ ಮುಚ್ತೀನಿ, ನಮ್ಮವ್ವನಾಣೆ, ಅವನ ಕಣ್ಣು ಒದ್ದೆಯಾಗಿತ್ತು, ಒಳ್ಳೆಯವನು, ಎಲ್ಲರೂ ಒಳ್ಳೆಯವರು, ಒಬ್ಬರಾದರೂ ಕೆಟ್ಟವರಿದ್ದಿದ್ದರೆ ಅಂದೇ ಮುಖಕ್ಕೆ ಹೇಳಿಬಿಡುತ್ತಿದ್ದರು. ನುಡಿಸುತ್ತಿದ್ದೇನೆ, ಬಟ್ಟೆ ಮೂರು ಮಡಿಕೆ, ಗುಂಡಿ ಹನ್ನೊಂದು ಗಂಟೆಗೆ, ಬಿಟ್ಟನೋ ಇಲ್ಲವೋ, ಇಲ್ಲಿಂದ ತಿಳಿಯುವುದಿಲ್ಲ, ನನಗೆ ಕೇಳುವುದು ಬೆನ್ನ ಹಿಂದಿನ ಆಂಪು ಮಾತ್ರ, ಅದು ಯಾವತ್ತೂ ನನ್ನ ಪರವೇ ಹೇಳಿದ್ದು, ಸ್ನೇಹಲತಾ ಕಣ್ಣು ಮುಚ್ಚಿ ಹಾಡುತ್ತಿದ್ದಾಳೆ, ಊಟದ ಹಾಲಿನ ಬಾಗಿಲಲ್ಲಿ ಯಾರೋ ವಯಸ್ಸಾದವರು ಕುರ್ಚಿ ಎಳೆದುಕೊಂಡು ಕೂತರು, ಸ್ಪೀಕರಿನ ಪಕ್ಕವೇ, ಅಜ್ಜಿ, ಅಲ್ಲಿ ನಿಮಗೆ ಕೇಳುತ್ತಿರುವುದು ಯಾರು, ತಿಳಿಯಲು ದಾರಿ ಒಂದೇ, ನನಗೂ ಗೊತ್ತು ಅದು, ಕೈ ತೆಗೆಯಬೇಕು, ಬಿಟ್ಟಿದ್ದರೆ ಹಾಲಿನ ನೆಲ ಒಮ್ಮೆಲೇ ಕುಸಿದ ಹಾಗಾಗುತ್ತದೆ, ಲೋಟ ಹಿಡಿದವರು ಒಂದು ಗಳಿಗೆ ನಿಲ್ಲುತ್ತಾರೆ, ಏನೋ ಹೋಯಿತು ಅಂತ ತಲೆ ಎತ್ತುತ್ತಾರೆ, ಕಾಂತರಾಜು ಬೆಚ್ಚಿ ಬೀಳುತ್ತಾನೆ, ಬೇಡ, ತೆಗೆಯಬೇಡ ಮಾವೀರ, ಬಿಟ್ಟಿದ್ದಾನೆ ಅಂದುಕೊಂಡೇ ಈ ಹಾಡು ಮುಗಿಸು, ಹದಿನಾರು ವರ್ಷ ಹಾಗೇ ಅಂದುಕೊಂಡೆಯಲ್ಲ, ಬೇಡ, ಪಲ್ಲವಿಗೆ ತಿರುಗುವ ಆ ಕೊಂಕು ಬಂತು, ಬೆರಳು ತಂತಿಯಿಂದ ಮೇಲೆದ್ದಿತು, ನಾನು ಎತ್ತಿದ್ದಲ್ಲ, ಎದ್ದಿತು, ಎಡಗೈಯೂ ಬಿಟ್ಟಿತು, ಆಂಪು ಸುಮ್ಮನಾಯಿತು, ಎರಡೂ ಕೈ ಗಾಳಿಯಲ್ಲಿ, ಒಂದು ಸಾಲು ಹೋಯಿತು, ಎರಡು ಸಾಲು, ಸ್ನೇಹಲತಾ ಹಾಡುತ್ತಿದ್ದಾಳೆ, ಲೋಟಗಳು ಬಾಯಿಗೆ ಹೋಗುತ್ತಿವೆ, ಅಜ್ಜಿ ಕಾಲು ಕುಣಿಸುತ್ತ ತಾಳ ಹಾಕುತ್ತಿದ್ದಾಳೆ, ನೆಲ ಕುಸಿಯಲಿಲ್ಲ, ಒಂದು ತಲೆಯೂ ತಿರುಗಲಿಲ್ಲ, ಮತ್ತು ಅಲ್ಲಿ, ಎಲ್ಲ ತಲೆಗಳ ಮೇಲೆ, ಬೋಂಡದ ಎಣ್ಣೆ ಬಿಸಿಲಿಗೆ ಹೊಳೆಯುತ್ತ, ನೆಟ್ಟಗೆ, ಅಲುಗದೆ, ಹೆಬ್ಬೆರಳು — ಎತ್ತಿದ ಹೆಬ್ಬೆರಳು —